ಬೂಟು ಮೊದಲು

"ಚೀಲ ಇದರೊಳಗೆ ಇಳಿಸಿ ಅಮ್ಮಾ," ಎಂದಳು ವಿಮಾನ ನಿಲ್ದಾಣದ ಗೇಟಿನ ಹುಡುಗಿ, ಮೂರನೇ ಸಲ.

ಅಗ್ಲಾಯ ಮೂರನೇ ಸಲ ಇಳಿಸಿದಳು. ಸಾಮಾನು ಅಳೆಯುವ ನೀಲಿ ಬಣ್ಣದ ಕಬ್ಬಿಣದ ಚೌಕಟ್ಟಿನಲ್ಲಿ ಚೀಲ ಅರ್ಧ ಇಳಿದು, ಹೊಸ್ತಿಲು ದಾಟಲೊಲ್ಲದ ಕತ್ತೆಯ ಹಾಗೆ ನಿಂತುಬಿಟ್ಟಿತು. ಅಂಗೈಯಿಂದ ಒತ್ತಿದಳು, ಮೊಣಕೈಯಿಂದ ಒತ್ತಿದಳು, ಹಿಂದೆ ನಿಂತವರು ನೋಡುತ್ತಿದ್ದಾರೆಂಬುದನ್ನು ಮರೆತು ಮಂಡಿಯಿಂದಲೂ ಒತ್ತಿದಳು. ಚೀಲದ ಬದಿಯಲ್ಲಿ ಬೂಟಿನ ಹಿಮ್ಮಡಿ ಎದ್ದು ಕಾಣುತ್ತಿತ್ತು. ಒಳಗಿನಿಂದ ಯಾರೋ ಒದೆಯುತ್ತಿರುವ ಹಾಗೆ.

"ಎಪ್ಪತ್ತು ಯೂರೋ ಆಗುತ್ತೆ," ಎಂದಳು ಹುಡುಗಿ.

"ಟಿಕೆಟ್ಟೇ ಹತ್ತೊಂಬತ್ತು ಕಣಮ್ಮ."

"ಅದು ನಿಮಗೆ. ಇದು ಚೀಲಕ್ಕೆ."

ಹಿಂದೆ ನಿಂತಿದ್ದ ಲಾರಿ ಡ್ರೈವರ್ ಒಬ್ಬ ನಮ್ಮ ಭಾಷೆಯಲ್ಲೇ ಗೊಣಗಿದ. "ಅಕ್ಕಾ, ನೀವು ಚೀಲದೊಳಗೆ ಕೂತ್ಕೊಳ್ಳಿ. ಚೀಲಾನ ಸೀಟಲ್ಲಿ ಕೂರಿಸಿ. ಸಸ್ತಾ ಬೀಳುತ್ತೆ."

ಸಾಲಿನಲ್ಲಿ ನಾಲ್ಕು ಜನ ನಕ್ಕರು. ಅಗ್ಲಾಯ ನಗಲಿಲ್ಲ, ನಕ್ಕರೆ ಬಟ್ಟೆ ಬಿರಿಯುತ್ತಿತ್ತು. ಜೂನ್ ತಿಂಗಳ ಆ ಸೆಕೆಯಲ್ಲಿ ಆಕೆಯ ಉಡುಪಿನೊಳಗೆ, ಎದೆಯಿಂದ ತೊಡೆಯ ತನಕ, ಸಂತೆಯಲ್ಲಿ ಕೊಂಡ ಇಪ್ಪತ್ತೆರಡು ಟವೆಲ್ಲುಗಳು ಸುತ್ತಿಕೊಂಡಿದ್ದವು. ಮಿಕ್ಕ ಹದಿನೆಂಟು ಚೀಲದಲ್ಲಿದ್ದವು, ಮೇಣದ ಬತ್ತಿಗಳ ಜೊತೆ. ಸತ್ತವರ ನಲವತ್ತನೆಯ ದಿನದ ಊಟಕ್ಕೆ ಬಂದವರಿಗೆ ಒಂದು ಟವೆಲ್ಲು, ಒಂದು ಬತ್ತಿ ಕೊಡದೆ ಕಳಿಸಿದರೆ ಸತ್ತವನಿಗೆ ಅಲ್ಲಿ ಮುಖ ಒರೆಸಿಕೊಳ್ಳಲು ಬಟ್ಟೆ ಇರುವುದಿಲ್ಲ, ದಾರಿಗೆ ಬೆಳಕಿರುವುದಿಲ್ಲ ಎನ್ನುತ್ತಾರೆ ನಮ್ಮ ಕಡೆ. ಇದ್ದರೂ ಇರಬಹುದು. ನೋಡಿ ಬಂದವರು ಯಾರೂ ಇಲ್ಲವಲ್ಲ, ಆದ್ದರಿಂದ ಕೊಡುವುದೇ ಕ್ಷೇಮ.

ದುಡ್ಡು ಇರಲಿಲ್ಲವೆಂದಲ್ಲ. ಟವೆಲ್ಲುಗಳ ಒಂಬತ್ತನೆಯ ಸುತ್ತಿನ ಕೆಳಗೆ ಇತ್ತು. ಆದರೆ ಆ ಬೂಟು ಆಕೆಯ ಗಂಡ ತೊವಾದೆರನದು. ಇಟಲಿಗೂ ನಮ್ಮೂರು ವಾಲೆನಿಗೂ ಹನ್ನೊಂದು ವರ್ಷ ಓಡಾಡಿ, ಕೈಚೀಲವೊಂದನ್ನು ಬಿಟ್ಟು ಬೇರೇನೂ ಒಯ್ಯದೆ, ಸಾಮಾನಿಗೆಂದು ಒಂದು ಬಿಡಿಗಾಸನ್ನೂ ಬಿಚ್ಚದೆ ಸತ್ತ ಮನುಷ್ಯ ಅವನು. ಅವನ ಬೂಟಿಗೇ ಎಪ್ಪತ್ತು ಯೂರೋ ಕೊಟ್ಟರೆ ಅವನು ಮಲಗಿದಲ್ಲೇ ಮಗ್ಗುಲು ಬದಲಿಸುತ್ತಾನೆ.

ಅಗ್ಲಾಯ ಜಿಪ್ಪು ಎಳೆದು ಬೂಟುಗಳನ್ನು ಹೊರತೆಗೆದಳು. ಕಂದು ಬಣ್ಣದ್ದು, ನಲವತ್ತೈದನೇ ನಂಬರು, ಹೆಚ್ಚು ಸವೆದಿರಲಿಲ್ಲ.

"ಅವನ್ನ ಏನ್ ಮಾಡ್ತೀರಿ? ಕೈಯಲ್ಲಿ ಹಿಡ್ಕೊಂಡ್ರೂ ಅದು ಎರಡನೇ ಸಾಮಾನೇ," ಎಂದಳು ಹುಡುಗಿ.

"ಹಾಕ್ಕೋತೀನಿ."

ಹುಡುಗಿ ಆಕೆಯ ಕಾಲು ನೋಡಿದಳು. ಮೂವತ್ತೇಳನೇ ನಂಬರಿನ ಚಪ್ಪಲಿ. ಆಮೇಲೆ ಬೂಟು ನೋಡಿದಳು. ಯಾರು ಏನು ಹಾಕಿಕೊಳ್ಳಬೇಕು ಎಂಬುದು ಅವಳ ಕಂಪನಿಯ ಪುಸ್ತಕದಲ್ಲಿ ಬರೆದಿರಲಿಲ್ಲ.

ಚಪ್ಪಲಿ ಚೀಲಕ್ಕೆ ಹೋಯಿತು. ಚೀಲ ಚೌಕಟ್ಟಿಗೆ ಇಳಿಯಿತು. ಅಗ್ಲಾಯ ಸತ್ತ ಗಂಡನ ಬೂಟಿನಲ್ಲಿ ಕಾಲಿಟ್ಟಳು. ಇಡಬಾರದಿತ್ತು. ಇಡಬಾರದೆಂದು ಆಕೆಗೆ ಗೊತ್ತಿತ್ತು.

ನಮ್ಮಲ್ಲಿ ಸತ್ತವನ ಬೂಟನ್ನು ನಲವತ್ತನೆಯ ದಿನ ಅವನಷ್ಟೇ ಕಾಲಿರುವ ಒಬ್ಬನಿಗೆ ಕೊಡಬೇಕು. ಅವನು ತೊಟ್ಟರೆ ಇವನು ತೊಟ್ಟ ಹಾಗೆ. ನಡುವೆ ಬೇರೆ ಯಾರೂ ಅದರಲ್ಲಿ ಹೆಜ್ಜೆ ಇಡಬಾರದು. ಇಟ್ಟರೆ ಬೂಟು ದಾರಿ ತಪ್ಪುತ್ತದೆ. ಆದ್ದರಿಂದ ಅಗ್ಲಾಯ ಹೆಜ್ಜೆ ಇಡಲಿಲ್ಲ, ಜಾರಿದಳು. ಟವೆಲ್ಲು ಸುತ್ತಿದ ಐವತ್ತನಾಲ್ಕು ವರ್ಷದ ಹೆಂಗಸು ಕೈಯಲ್ಲಿ ಚೀಲ ಹಿಡಿದು, ವಿಮಾನದ ತನಕದ ಬಿಸಿ ಡಾಂಬರಿನ ಮೇಲೆ, ಹೆಪ್ಪುಗಟ್ಟಿದ ಕೆರೆಯ ಮೇಲೆ ಜಾರುವವರ ಹಾಗೆ, ಅಡಿ ಎತ್ತದೆ ಜಾರಿಕೊಂಡು ಹೋದಳು. ಲಾರಿ ಡ್ರೈವರ್ ಟೋಪಿ ತೆಗೆದು ದಾರಿ ಬಿಟ್ಟ. ತೊಂದರೆ ಬಂದದ್ದು ಮೆಟ್ಟಿಲ ಬುಡದಲ್ಲಿ. ಮೆಟ್ಟಿಲನ್ನು ಜಾರಿಕೊಂಡು ಹತ್ತುವ ವಿದ್ಯೆಯನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ. ಹದಿನೇಳು ಮೆಟ್ಟಿಲು. ಎರಡನೆಯದರಲ್ಲೇ ಬೂಟು ಕಳಚಿತು. ಕೈಯಲ್ಲಿದ್ದ ಬೋರ್ಡಿಂಗ್ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಬಲ ಬೂಟಿನ ತುದಿಗೆ ತುರುಕಿದಳು, ಎಡಗಡೆಯದಕ್ಕೆ ಕರವಸ್ತ್ರ. ಹತ್ತಿದಳು.

*

ತೊವಾದೆರನ ವಿಷಯ ಸ್ವಲ್ಪ ಹೇಳಬೇಕು. ವಾಲೆನಿಯಲ್ಲಿ ಮಕ್ಕಳಿಗೆ ಪ್ರಾರ್ಥನೆಗಿಂತ ಮುಂಚೆ ಮೂರು ಅಂಕಿ ಬಾಯಿಪಾಠ ಬರುತ್ತವೆ: ನಲವತ್ತು, ಮೂವತ್ತು, ಇಪ್ಪತ್ತು. ದುಡ್ಡಿಲ್ಲದೆ ವಿಮಾನದೊಳಗೆ ಒಯ್ಯಬಹುದಾದ ಚೀಲದ ಉದ್ದ, ಎತ್ತರ, ದಪ್ಪ, ಸೆಂಟಿಮೀಟರಿನಲ್ಲಿ. ಊರಿನ ಅರ್ಧ ಜನ ಇಟಲಿಯಲ್ಲಿ ಮುದುಕರನ್ನು ನೋಡಿಕೊಳ್ಳುತ್ತಾರೆ, ಇನ್ನರ್ಧ ಗೋಡೆ ಕಟ್ಟುತ್ತಾರೆ. ಹೊರಡುವ ಮೊದಲೇ ಪರೀಕ್ಷೆ ಮಾಡಿಕೊಳ್ಳಲಿ ಎಂದು ಚರ್ಚಿನ ಜಗಲಿಯ ಪಕ್ಕ, ವಿಮಾನ ನಿಲ್ದಾಣದ ವ್ಯಾನು ನಿಲ್ಲುವಲ್ಲಿ, ಅದೇ ಅಳತೆಯ ಮರದ ಚೌಕಟ್ಟೊಂದನ್ನು ಇಟ್ಟಿದ್ದಾರೆ. ಮಾಡಿದವನು ಶವಪೆಟ್ಟಿಗೆ ಮಾಡುವ ಬಡಗಿಯೇ. ಎರಡಕ್ಕೂ ಒಂದೇ ಮರ.

ಆ ಚೌಕಟ್ಟಿಗೆ ತೊವಾದೆರ್ ರಾಜ. ಏಳು ಅಂಗಿ, ಮೂರು ಪ್ಯಾಂಟು ಒಂದರ ಮೇಲೊಂದು ತೊಟ್ಟು ಬೀರುವಿನ ಹಾಗೆ ನಡೆದು ವಿಮಾನ ಹತ್ತಿದವನು. ಟೋಪಿಯ ಕೆಳಗೆ ಗಾಲಿಯ ಹಾಗೆ ದುಂಡಗಿನ ಒಂದು ಇಡೀ ಚೀಸು ಇಟ್ಟುಕೊಂಡು, ತಪಾಸಣೆಯವರು ತಲೆ ಮುಟ್ಟಿದಾಗ "ನೆತ್ತಿ ಗಾಯ ಸಾರ್" ಎಂದವನು. ತೋಳಿನೊಳಗೆ ಹೊಗೆಯಾಡಿಸಿದ ಹಂದಿಮಾಂಸ ಇಟ್ಟು ಒಯ್ದಾಗ ಪೊಲೀಸು ನಾಯಿಯೊಂದು ಬಸ್ ನಿಲ್ದಾಣದ ತನಕ ಅವನ ಹಿಂದೆ ಬಂದು, ಕೆಲಸ ಬಿಟ್ಟು, ಅವನ ಜೊತೆಯೇ ಉಳಿಯಿತಂತೆ. ಇದನ್ನು ಅವನೇ ಹೇಳುತ್ತಿದ್ದದ್ದು, ನಾಯಿಯನ್ನು ನಾವು ಯಾರೂ ನೋಡಿಲ್ಲ. ಆದರೆ ಚರ್ಚಿನ ಗಂಟೆಯ ಹಗ್ಗವನ್ನು ನೋಡಿದ್ದೇವೆ. ಹದಿನಾಲ್ಕು ಮೀಟರ್ ಹಗ್ಗವನ್ನು ಸೊಂಟಕ್ಕೆ ಸುತ್ತಿ ತಂದವನು ಅವನೇ. ಮೇ ತಿಂಗಳಲ್ಲಿ ಅವನ ಪೆಟ್ಟಿಗೆ ಊರಿಗೆ ಬಂದಾಗ ಅದೇ ಹಗ್ಗ ಎಳೆದು ಗಂಟೆ ಹೊಡೆದೆವು.

ಅವನ ವಿದ್ಯೆಯ ಗುಟ್ಟು ಒಂದೇ ಮಾತು. ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ. "ಬೂಟು ಮೊದಲು. ಬೂಟಿನ ಹೊಟ್ಟೆಗೆ ಕಾಲುಚೀಲ. ಆಮೇಲೆ ಮಿಕ್ಕಿದ್ದೆಲ್ಲ ತನ್ನ ಜಾಗ ತಾನೇ ಹುಡುಕ್ಕೊಳ್ಳುತ್ತೆ."

ಹೆಂಡತಿಗೆ ಮಾತ್ರ ಆ ವಿದ್ಯೆ ಹತ್ತಲಿಲ್ಲ. ಅಗ್ಲಾಯ ಬಟ್ಟೆಯನ್ನೆಲ್ಲ ಚೆಂದಕ್ಕೆ ಮಡಚಿಟ್ಟು, ಕೊನೆಗೆ ಬೂಟು ಎತ್ತಿಕೊಂಡು, ಜಾಗ ಇಲ್ಲವೆಂದು ನಿಲ್ಲುತ್ತಿದ್ದಳು. ಹಿಡಿಸದ್ದನ್ನು ಬಾಗಿಲ ಪಕ್ಕ ಇಟ್ಟು ಹೊರಡುತ್ತಿದ್ದಳು. ಹನ್ನೊಂದು ವರ್ಷದಲ್ಲಿ ಕೈಗೆ ಅದೊಂದು ರೂಢಿಯಾಗಿಬಿಟ್ಟಿತ್ತು: ಹಿಡಿಸದ್ದನ್ನು ಬಿಡು.

ಮೇ ತಿಂಗಳ ಒಂದು ಬೆಳಿಗ್ಗೆ, ಇಟಲಿಯಲ್ಲಿ, ತಾನು ಕಟ್ಟುತ್ತಿದ್ದ ಗೋಡೆಗೆ ಒರಗಿ ಕಾಫಿ ಕುಡಿಯುತ್ತಾ ಕೂತ ತೊವಾದೆರ್ ಏಳಲಿಲ್ಲ. ಸಂಜೆ ಶವಾಗಾರದವನು ಫೋನು ಮಾಡಿ, ಉಡಿಸಲು ಬಟ್ಟೆ ತನ್ನಿ, ಬೇಗ, ಎಂದ. ಅಗ್ಲಾಯ ಮನೆಯಲ್ಲಿದ್ದ ಒಂದೇ ಚೀಲವನ್ನು ಎಳೆದುಕೊಂಡಳು. ಕಪ್ಪು ಸೂಟು ಮಡಚಿಟ್ಟಳು. ಬಿಳಿ ಅಂಗಿ, ಟೈ, ಟೋಪಿ. ಕೊನೆಗೆ ಕಂದು ಬೂಟು. ಹಿಡಿಸಲಿಲ್ಲ. ತಿರುಗಿಸಿ ಇಟ್ಟಳು, ಹಿಡಿಸಲಿಲ್ಲ. ತೆಗೆದು ಬಾಗಿಲ ಪಕ್ಕ ಜೋಡಿಸಿಟ್ಟು, ಜಿಪ್ಪು ಎಳೆದು, ಬಸ್ಸು ಹಿಡಿದಳು.

ಆ ಶವಾಗಾರದಲ್ಲಿ ಚೀಲ ಅಳೆಯುವವರು ಯಾರೂ ಇರಲಿಲ್ಲ. ಬೂಟನ್ನು ಕಂಕುಳಲ್ಲಿ ಇಟ್ಟುಕೊಂಡು ಹೋಗಬಹುದಿತ್ತು. ತಲೆಯ ಮೇಲೆ ಹೊತ್ತುಕೊಂಡು ಹೋದರೂ ಯಾರೂ ಒಂದು ಮಾತು ಕೇಳುತ್ತಿರಲಿಲ್ಲ. ಇದು ಆಕೆಗೆ ಹೊಳೆದದ್ದು ಮರುದಿನ, ಶವಪೆಟ್ಟಿಗೆಯ ತಗಡಿಗೆ ಬೆಸುಗೆ ಹಾಕಿ ಮುಚ್ಚಿದ ಮೇಲೆ, ಮನೆಗೆ ಬಂದು ಬಾಗಿಲು ತೆಗೆದಾಗ. ಬೂಟುಗಳು ಬಾಗಿಲ ಪಕ್ಕ, ತುದಿ ಹೊರಕ್ಕೆ ಮಾಡಿ, ಹೊರಟು ನಿಂತವರ ಹಾಗೆ ಇದ್ದವು.

ಯಾರಿಗೂ ಹೇಳಲಿಲ್ಲ. ಬೂಟನ್ನು ಮಂಚದ ಕೆಳಗೆ ತಳ್ಳಿ, ಊರಿಗೆ ಹೋಗಿ, ಮಣ್ಣು ಮಾಡಿ ಬಂದಳು. ವಾರ ಕಳೆಯುವುದರೊಳಗೆ ತೊವಾದೆರ್ ಬರತೊಡಗಿದ. ಆಕೆ ನೋಡಿಕೊಳ್ಳುತ್ತಿದ್ದ ಮುದುಕಿ ಮಧ್ಯಾಹ್ನ ಊಟ ಮಾಡಿ ನಿದ್ದೆ ಹೋದಾಗ ಅಗ್ಲಾಯಳೂ ಅರ್ಧ ಗಂಟೆ ಕಣ್ಣು ಮುಚ್ಚುತ್ತಿದ್ದಳು. ಆಗ ಮಂಚದ ಕಾಲ್ದೆಸೆಗೆ ಬಂದು ನಿಲ್ಲುತ್ತಿದ್ದ. ಕಪ್ಪು ಸೂಟು, ಟೈ, ಟೋಪಿ, ಎಲ್ಲ ಸರಿಯಾಗಿ. ಮಾತಿಲ್ಲ. ಹೊಗೆಗೂಡಿನ ಮೇಲಿನ ಕೊಕ್ಕರೆಯ ಹಾಗೆ ಒಂದು ಕಾಲೆತ್ತಿ ನಿಲ್ಲುವುದು, ಸ್ವಲ್ಪ ಹೊತ್ತಿಗೆ ಅದನ್ನು ಇಳಿಸಿ ಇನ್ನೊಂದನ್ನು ಎತ್ತುವುದು. ಬದುಕಿದ್ದಾಗ ಒಂದು ಕ್ಷಣ ಬಾಯಿ ಮುಚ್ಚದವನು ಈಗ ಒಂದು ಬೈಗುಳವನ್ನಾದರೂ ಬೈಯುತ್ತಾನೇನೋ ಎಂದು ಆಕೆ ಕಾಯುತ್ತಿದ್ದಳು. ಬೈಯುತ್ತಿರಲಿಲ್ಲ.

ಅತ್ತೆ ಸಫ್ತಾಗೆ ಫೋನು ಮಾಡಿದಳು. "ಅತ್ತೆ, ನಲವತ್ತಕ್ಕೆ ಬೂಟು ನಾನು ತರ್ತೀನಿ. ಅವರದ್ದೇ. ಕಂದು ಬೂಟು."

"ಈಸ್ಟರ್‌ಗೆ ಹಾಕ್ಕೊಂಡು ಬಂದಿದ್ನಲ್ಲ, ಅದಾ?"

"ಹೂಂ. ಇನ್ನೊಂದು ಜೊತೆ ಇತ್ತು. ಅದನ್ನ ಪೆಟ್ಟಿಗೇಲಿ ಹಾಕಿದ್ವಿ."

"ಹೂಂ," ಎಂದಿದ್ದಳು ಸಫ್ತಾ.

*

ವಿಮಾನದೊಳಗೆ ಎಲ್ಲರೂ ಬೆವರುತ್ತಿದ್ದರು. ಗಾಳಿಯ ಕೊಳವೆ ಕೆಟ್ಟಿದೆಯೋ, ಅದಕ್ಕೂ ಬೇರೆ ದುಡ್ಡು ಕೊಡಬೇಕೋ ಎಂದು ಲಾರಿ ಡ್ರೈವರ್ ಜೋರಾಗಿ ವಿಚಾರಿಸುತ್ತಿದ್ದ. ಅಗ್ಲಾಯಳ ಮುಖದಿಂದ ಬೆವರಿಳಿದು ಮೊದಲನೇ ಟವೆಲ್ಲು ತೊಯ್ದಿತ್ತು. ಕಾಲು ಮಾತ್ರ ತಣ್ಣಗಿತ್ತು. ಬೂಟಿನೊಳಗೆ ನೆಲಮಾಳಿಗೆಯ ತಂಪು. ಆಲೂಗಡ್ಡೆ ಸುರಿದಿಡುವ, ಬೆಳಕು ಕಾಣದ ಮಣ್ಣಿನ ತಂಪು. ಅದು ಅಂಗಾಲಿನಿಂದ ಹಿಮ್ಮಡಿಗೆ, ಹಿಮ್ಮಡಿಯಿಂದ ಕಣಕಾಲಿಗೆ ಮೆಲ್ಲಗೆ ಹತ್ತಿತು. ಆಕೆಗೆ ಅರಿವಿಲ್ಲದೆ ಒಂದು ಕಾಲೆತ್ತಿ ಇನ್ನೊಂದರ ಮೇಲಿಟ್ಟುಕೊಂಡಳು. ಸ್ವಲ್ಪ ಹೊತ್ತಿಗೆ ಬದಲಿಸಿದಳು.

"ಅಕ್ಕ, ಆ ಬೂಟು ಯಾರದ್ದು?" ಎಂದು ಕೇಳಿದ ಡ್ರೈವರ್, ಪಕ್ಕದ ಸೀಟಿನಿಂದ.

"ನಮ್ಮ ಯಜಮಾನರದ್ದು."

"ಅವರೆಲ್ಲಿ ಮತ್ತೆ?"

"ಬರಿಗಾಲಲ್ಲಿ ಹೋದ್ರು," ಎಂದುಬಿಟ್ಟಳು.

ಬೇರೆ ಯಾರಿಗೂ ಹೇಳದ್ದು ಗುರುತಿಲ್ಲದವನ ಮುಂದೆ ಜಾರಿ ಬಿದ್ದಿತ್ತು. ಡ್ರೈವರ್ ಏನೋ ತಮಾಷೆಗೆ ಬಾಯಿ ತೆರೆದವನು ಆಕೆಯ ಮುಖ ನೋಡಿ ಮುಚ್ಚಿಕೊಂಡ. ಇಳಿಯುವ ತನಕ ಆಕೆಯ ಕಾಲಿನ ಕಡೆ ನೋಡಲಿಲ್ಲ. ಇಳಿಯುವಾಗ ಮಾತ್ರ ಚೀಲ ಇಳಿಸಿಕೊಟ್ಟು, "ಹುಷಾರು ಅಕ್ಕ, ಮೆಟ್ಟಿಲು," ಎಂದ.

ಇಳಿದದ್ದೂ ಹದಿನೇಳು ಮೆಟ್ಟಿಲು. ನಿಲ್ದಾಣದ ಶೌಚಾಲಯದಲ್ಲಿ ಬೂಟು ಬಿಚ್ಚಿ, ಅಟ್ಟೆಯನ್ನು ಒದ್ದೆ ಮಾಡಿ ಉಜ್ಜಿದಳು. ಎಡ ಬೂಟಿನ ಕರವಸ್ತ್ರ ಎಳೆದು ಅದರಿಂದಲೇ ಒರೆಸಿದಳು. ಹೊರಗೆ ವ್ಯಾನಿನವನು ಹಾರನ್ ಹೊಡೆಯುತ್ತಿದ್ದ. ಬಲ ಬೂಟಿನ ಚೀಟಿ ನೆನಪಾಗಲಿಲ್ಲ.

*

ನಲವತ್ತೈದನೇ ನಂಬರಿನ ಕಾಲು ವಾಲೆನಿಯಲ್ಲಿ ಇದ್ದದ್ದು ಎರಡೇ ಜೊತೆ. ಒಂದು ಮಣ್ಣಿನಡಿ ಹೋಯಿತು. ಇನ್ನೊಂದು ತೊವಾದೆರನ ದಾಯಾದಿ, ಟ್ರ್ಯಾಕ್ಟರ್ ಕೊಸ್ತಾನನದು. ಸತ್ತ ಸುದ್ದಿ ಬಂದ ದಿನ ಕೊಸ್ತಾನ್ ಮನಸಾರೆ ಅತ್ತಿದ್ದ, ಮಾರನೆಯ ದಿನ ಕಂದು ಪಾಲಿಶ್ ಡಬ್ಬಿಯೊಂದನ್ನು ಕೊಂಡಿದ್ದ. ಎರಡೂ ನಿಜವಾದದ್ದೇ.

ನಲವತ್ತನೆಯ ದಿನ ಅಂಗಳದ ವಾಲ್ನಟ್ ಮರದ ಕೆಳಗೆ ಉದ್ದದ ಮೇಜು ಹಾಕಿದ್ದರು. ಪಾದ್ರಿ ಬಂದು ಸಕ್ಕರೆ ಬೆರೆಸಿದ ಬೆಂದ ಗೋಧಿಯ ಮೇಲೆ ದ್ರಾಕ್ಷಾರಸ ಸುರಿದು ಮಂತ್ರ ಹೇಳಿ ಆಗಿತ್ತು. ಟವೆಲ್ಲುಗಳನ್ನು ಹಂಚಿ ಆಗಿತ್ತು. ಕೆಲವಕ್ಕೆ ಬೆವರಿನ ವಾಸನೆ ಇತ್ತು, ಯಾರೂ ಆಡಲಿಲ್ಲ. ಕೋಸಿನೆಲೆಯ ಸುರುಳಿಗಳ ಹಂಡೆ ಬದಿಯಲ್ಲಿ ಹೊಗೆಯಾಡುತ್ತಿತ್ತು. ಮೇಜಿನ ತುದಿಯ ಕುರ್ಚಿಯಲ್ಲಿ ಕೊಸ್ತಾನ್ ಕಾಲು ತೊಳೆದುಕೊಂಡು, ಮದುಮಗನ ಹಾಗೆ ತಲೆ ಬಾಚಿ ಕೂತಿದ್ದ. ಬೂಟು ತೊಟ್ಟ ಮೇಲೆ ಊಟ ಮುಗಿಯುವ ತನಕ ಅವನನ್ನು ಎಲ್ಲರೂ ತೊವಾದೆರ್ ಎಂದೇ ಕರೆಯಬೇಕು. ಸತ್ತವನ ತಾಯಿ ಎರಡು ಮಾತು ಕೇಳುತ್ತಾಳೆ, ಹಸಿವಾಗಿದೆಯಾ, ಬಾಯಾರಿದೆಯಾ ಎಂದು. ಅವನು ಉತ್ತರ ಹೇಳುತ್ತಾನೆ. ಅಷ್ಟಾದರೆ ಬೂಟು ತಲುಪಿತು.

ಅಗ್ಲಾಯ ಮಂಡಿಯೂರಿ ಎಡ ಬೂಟು ತೊಡಿಸಿದಳು. ಬಲ ಬೂಟಿಗೆ ಕೊಸ್ತಾನ್ ಕಾಲು ನೂಕಿದ, ಮುಖ ಹುಳಿ ಮಾಡಿದ.

"ತೊವಾದೆರ್ ಕಾಲು ನನ್ನ ಕಾಲಿಗಿಂತ ಚಿಕ್ಕದಿತ್ತಾ? ತುದೀಲಿ ಏನೋ ಒತ್ತುತ್ತೆ ಅತ್ತಿಗೆ."

ಕೈ ಹಾಕಿ ಎಳೆದ. ನಾಲ್ಕು ಮಡಿಕೆಯ ಕಾಗದ. ಬಿಡಿಸಿ, ದೂರ ಹಿಡಿದು, ಚರ್ಚಿನಲ್ಲಿ ಓದುವವರ ಹಾಗೆ ದೊಡ್ಡ ದನಿಯಲ್ಲಿ ಓದಿದ. "ಅಗ್ಲಾಯ... ಸೀಟು ಇಪ್ಪತ್ತೊಂದು ಬಿ... ಜೂನ್ ಹದಿ... ಅಯ್ಯೋ, ಇದು ಮೊನ್ನೇದು!"

ಮೇಜಿನ ಸುತ್ತ ಎಲ್ಲರೂ ಅಗ್ಲಾಯಳ ಕಡೆ ತಿರುಗಿದರು.

ಸಫ್ತಾಗೆ ಎಪ್ಪತ್ತೊಂಬತ್ತು. ಕುರ್ಚಿಯಲ್ಲಿ ಕೂತರೆ ಕಾಲು ನೆಲ ಮುಟ್ಟದಷ್ಟು ಪುಟ್ಟ ಹೆಂಗಸು. ಕುರ್ಚಿಯಿಂದ ಇಳಿದು ಬಂದು ಆ ಕಾಗದ ಇಸಿದುಕೊಂಡಳು. ಓದಲು ಬಾರದು. ಮೂಸಿ ನೋಡಿದಳು.

"ಎಷ್ಟು ಹೆಜ್ಜೆ?" ಎಂದು ಕೇಳಿದಳು ಸೊಸೆಯನ್ನು.

"ಜಾರಿಕೊಂಡೇ ಹೋದೆ ಅತ್ತೆ." ಅಗ್ಲಾಯ ಮಂಡಿಯೂರಿದಲ್ಲೇ ಇದ್ದಳು. "ನೆಲದ ಮೇಲೆ ಒಂದು ಹೆಜ್ಜೆನೂ ಇಡಲಿಲ್ಲ. ಮೆಟ್ಟಿಲಲ್ಲಿ ಮಾತ್ರ... ಹತ್ತಿದ್ದು ಹದಿನೇಳು, ಇಳಿದಿದ್ದು ಹದಿನೇಳು."

"ಅದು ಲೆಕ್ಕಕ್ಕಿಲ್ಲ ಬಿಡಿ ದೊಡ್ಡಮ್ಮ," ಎಂದ ಕೊಸ್ತಾನ್ ಅವಸರದಿಂದ. "ವಿಮಾನದ ಮೆಟ್ಟಿಲು ಅಂದ್ರೆ ನೆಲವೇ ಅಲ್ಲ. ಗಾಳಿ ಅದು. ಗಾಳೀಲಿ ಇಟ್ಟಿದ್ದು ಹೆಜ್ಜೆ ಹೆಂಗಾಗುತ್ತೆ?"

"ಬಿಚ್ಚೋ ಅದನ್ನ."

"ಪಾಲಿಶ್ ಕೊಂಡಿದ್ದೀನಿ ದೊಡ್ಡಮ್ಮ."

"ಮೂತಿಗೆ ಬಳ್ಕೋ, ಹೊಳೆಯುತ್ತೆ. ಬಿಚ್ಚು."

ಕೊಸ್ತಾನ್ ಬಿಚ್ಚಿದ. ಸಫ್ತಾ ಬೂಟುಗಳನ್ನು ಎತ್ತಿ ಎದೆಗೊತ್ತಿಕೊಂಡಳು. ಅವು ಅವಳ ಅರ್ಧದಷ್ಟಿದ್ದವು. "ಯಾರು ನಡೆದರೋ ಅವರಿಗೆ ಸಂದಿದೆ. ಇನ್ನು ಅವಳೇ ಕೂರಬೇಕು. ಕೊಡೋದು ನಾನು ಕೊಡ್ತೀನಿ."

ಪಾದ್ರಿಯ ಚಮಚ ಗೋಧಿಯ ತಟ್ಟೆಯ ಮೇಲೆ ನಿಂತಿತು. "ಸಫ್ತವ್ವ, ಗಂಡಸಿನ ಬೂಟನ್ನ ಹೆಂಗಸಿಗೆ... ಶಾಸ್ತ್ರದಲ್ಲಿ ಹಾಗೆ..."

"ಶಾಸ್ತ್ರದಲ್ಲಿ ವಿಮಾನ ಇದೆಯಾ ಸ್ವಾಮಿ?"

"ಇಲ್ಲ."

"ಹಾಗಾದ್ರೆ ಊಟ ಮಾಡಿ."

ಪಾದ್ರಿ ಊಟ ಮಾಡಿದರು. ಅಗ್ಲಾಯ ಕೊಸ್ತಾನನ ಬೆಚ್ಚಗಿನ ಕುರ್ಚಿಯಲ್ಲಿ ಕೂತಳು. ಯಾರೋ ತೊವಾದೆರನ ಹಳೆಯ ಕುರಿಚರ್ಮದ ಟೋಪಿಯನ್ನು ಆಕೆಯ ತಲೆಗಿಟ್ಟರು. ಅದು ಹುಬ್ಬಿನ ತನಕ ಇಳಿಯಿತು. ಬೂಟಿನೊಳಗೆ ಕಾಲಿಟ್ಟೊಡನೆ ಆ ತಂಪು ತನ್ನ ಜಾಗ ಗೊತ್ತಿರುವ ಬೆಕ್ಕಿನ ಹಾಗೆ ಬಂದು ಸುತ್ತಿಕೊಂಡಿತು. ಹೆಂಗಸರು ಬಾಯಿಗೆ ಟವೆಲ್ಲು ಒತ್ತಿ ನಗು ತಡೆದುಕೊಳ್ಳುತ್ತಿದ್ದರು. ಅತ್ತರೂ ಅದೇ ಟವೆಲ್ಲು, ನಕ್ಕರೂ ಅದೇ ಟವೆಲ್ಲು.

ಸಫ್ತಾ ಎದುರು ನಿಂತಳು. "ತೊವಾದೆರ್, ಹಸಿವಾಗಿದೆಯೇನಪ್ಪ?"

"ಹೂಂ ಅಮ್ಮ," ಎಂದಳು ಅಗ್ಲಾಯ. ತಟ್ಟೆಗೆ ರೊಟ್ಟಿ ಬಿತ್ತು.

"ಬಾಯಾರಿದೆಯಾ?"

"ಹೂಂ ಅಮ್ಮ." ಲೋಟಕ್ಕೆ ಪ್ಲಮ್ ಸಾರಾಯಿ ಬಿತ್ತು.

ಅಲ್ಲಿಗೆ ಮುಗಿಯಬೇಕು. ಜನ ತಮ್ಮ ತಮ್ಮ ಚಮಚ ಎತ್ತಿಕೊಂಡರು. ಸಫ್ತಾ ಕದಲಲಿಲ್ಲ.

"ಕಾಲು ತಣ್ಣಗಿದೆಯಾ ಮಗನೇ?"

ಇದು ಪದ್ಧತಿಯಲ್ಲಿ ಇಲ್ಲದ ಪ್ರಶ್ನೆ. ಅಗ್ಲಾಯ ಟೋಪಿಯ ಅಂಚಿನಡಿಯಿಂದ ಅತ್ತೆಯ ಕಣ್ಣು ನೋಡಿದಳು. ಈಸ್ಟರಿನಲ್ಲಿ ಮಗನ ಕಾಲಲ್ಲಿ ಕಂದು ಬೂಟು ನೋಡಿದ ಕಣ್ಣು. ಅವನಿಗೆ ಇದ್ದ ಒಳ್ಳೆಯ ಬೂಟು ಅದೊಂದೇ ಜೊತೆ ಎಂದು ಬಲ್ಲ ಕಣ್ಣು. ಫೋನಿನಲ್ಲಿ ಹೂಂ ಎಂದಾಗಲೇ, ಅಥವಾ ಅದಕ್ಕೂ ಮೊದಲೇ, ಇಲ್ಲಿ ಈ ಮನೆಯಲ್ಲೂ ಮಧ್ಯಾಹ್ನದ ಹೊತ್ತು ಯಾರೋ ಮಂಚದ ಕಾಲ್ದೆಸೆಗೆ ಬಂದು ಒಂಟಿಕಾಲಲ್ಲಿ ನಿಂತಿರಬೇಕು.

ಇಲ್ಲಮ್ಮ, ಬೆಚ್ಚಗಿದೆ ಎಂದು ಹೇಳಲು ಅಗ್ಲಾಯ ಬಾಯಿ ತೆರೆದಳು. ಬಂದದ್ದು ಬೇರೆ. ಗಂಟಲಿನ ಬುಡದಿಂದ, ಸಿಮೆಂಟಿನ ಧೂಳು ಕಟ್ಟಿದ, ಒರಟಾದ ದನಿಯಲ್ಲಿ ಬಂತು.

"ಬೂಟು ಮೊದಲು ಇಡಬೇಕಿತ್ತು. ಎಷ್ಟು ಸಲ ಹೇಳಿದ್ದೆ ಅವಳಿಗೆ."

ಮೇಜಿಗೆ ಮೇಜೇ ನಕ್ಕಿತು. ಕೊಸ್ತಾನ್ ತೊಡೆ ತಟ್ಟಿಕೊಂಡು, "ಥೇಟು ತೊವಾದೆರ್! ಥೇಟು ಅವನೇ!" ಎಂದು ಕೂಗಿ, ಬೂಟಿನ ದುಃಖ ಮರೆತು ಸಾರಾಯಿ ಬಗ್ಗಿಸಿಕೊಂಡ. ಪಾದ್ರಿಯೂ ನಕ್ಕರು. ಆ ಮಾತನ್ನು ಊರಿನಲ್ಲಿ ಕೇಳದವರಾದರೂ ಯಾರಿದ್ದರು?

ಅಗ್ಲಾಯ ನಗಲಿಲ್ಲ. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಸಫ್ತಾಳೂ ನಗಲಿಲ್ಲ. ಸೊಸೆಯ ತಟ್ಟೆಗೆ ಎರಡು ಸುರುಳಿ ಬಡಿಸಿ, "ತಿನ್ನು," ಎಂದಳು. ಆಮೇಲೆ ಚಮಚ ಬಿದ್ದಿತೆಂದು ಹೇಳಿ ಮೇಜಿನ ಕೆಳಗೆ ತೂರಿದಳು. ಚಮಚ ಬಿದ್ದದ್ದನ್ನು ಯಾರೂ ಕೇಳಿಸಿಕೊಂಡಿರಲಿಲ್ಲ. ಎಷ್ಟೋ ಹೊತ್ತು ಅವಳು ಮೇಲೆ ಬರಲಿಲ್ಲ. ಬೂಟಿನ ದಾರವನ್ನು ಯಾರೋ ಬಿಗಿದು ಕಟ್ಟುತ್ತಿರುವುದು ಅಗ್ಲಾಯಳಿಗೆ ತಿಳಿಯಿತು. ಮೊದಲು ಎಡದ್ದು, ಆಮೇಲೆ ಬಲದ್ದು, ಶಾಲೆಗೆ ಹೋಗುವ ಮಗುವಿಗೆ ಕಟ್ಟುವ ಹಾಗೆ ಎರಡೆರಡು ಗಂಟು.

"ಬಿಚ್ಚಿಕೊಂಡಿತ್ತು," ಎಂದಳು ಸಫ್ತಾ ಮೇಲೆದ್ದು, ಮಂಡಿಯ ಹುಲ್ಲು ಕೊಡವಿಕೊಳ್ಳುತ್ತಾ. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ನಿಯಮ ಹೇಳಿದಳು. "ವರ್ಷ ತುಂಬೋ ತನಕ ಭಾನುವಾರ ಭಾನುವಾರ ಹಾಕ್ಕೋಬೇಕು. ಎಲ್ಲಿದ್ರೂ."

*

ಮಾರನೆಯ ದಿನ ಮಧ್ಯಾಹ್ನ ಅಗ್ಲಾಯ ಬೇಕೆಂದೇ ಮಲಗಿದಳು. ಒಂದು ಗಂಟೆ ಮಲಗಿದಳು. ಯಾರೂ ಬರಲಿಲ್ಲ. ಎದ್ದು ಮಂಚದ ಕಾಲ್ದೆಸೆಯ ನೆಲವನ್ನು ಅಂಗೈಯಿಂದ ಸವರಿ ನೋಡಿದಳು. ಬಿಸಿಲು ಬಿದ್ದು ಬೆಚ್ಚಗಿತ್ತು.

ಮಂಗಳವಾರ ಬೆಳಿಗ್ಗೆ ಆಕೆಯನ್ನು ಕಳಿಸಲು ಸಫ್ತಾ ಚರ್ಚಿನ ಜಗಲಿಯ ತನಕ ಬಂದಳು. ವ್ಯಾನು ಇನ್ನೂ ಬಂದಿರಲಿಲ್ಲ. ದಾರಿಗೆಂದು ಒಂದು ತೋಳಿಲ್ಲದ ಕುರಿಚರ್ಮದ ಅಂಗಿ ತಂದಿದ್ದಳು, ಎರಡು ಸೂಟಿನಷ್ಟು ದಪ್ಪದ್ದು. ಒಂದು ಮುದ್ದೆ ಚೀಸು, ಒಂದು ಹೆಣೆದ ರೊಟ್ಟಿ, ಬಟ್ಟೆಯಲ್ಲಿ ಕಟ್ಟಿದ ವಾಲ್ನಟ್.

"ಇಷ್ಟೆಲ್ಲ ಹಿಡಿಸಲ್ಲ ಅತ್ತೆ."

"ಮೊದಲಿಂದ ಇಡು."

ಅಗ್ಲಾಯ ಜಗಲಿಯ ಮೇಲೆ ಚೀಲವನ್ನು ಪೂರ್ತಿ ಖಾಲಿ ಮಾಡಿದಳು. ಬೂಟು ಎತ್ತಿಕೊಂಡಳು. ಎ‌ಡದ್ದನ್ನೊಂದು ಕಡೆ, ಬಲದ್ದನ್ನು ಅದಕ್ಕೆ ತಲೆಕೆಳಗಾಗಿ, ತಳದಲ್ಲಿ ಮಲಗಿಸಿದಳು. ಬೂಟಿನ ಹೊಟ್ಟೆಗೆ ಕಾಲುಚೀಲ ತುಂಬಿದಳು, ಉಳಿದ ಜಾಗಕ್ಕೆ ವಾಲ್ನಟ್. ಮೇಲೆ ಕುರಿಚರ್ಮ ಹಾಸಿದಳು. ರೊಟ್ಟಿ, ಚೀಸು, ತನ್ನ ಬಟ್ಟೆ. ಜಿಪ್ಪು ಎಳೆದಳು. ಅದು ಎಲ್ಲೂ ತಡೆಯದೆ ಕೊನೆಯ ತನಕ ಹೋಯಿತು.

ಬಡಗಿ ಮಾಡಿದ ಮರದ ಚೌಕಟ್ಟು ಅಲ್ಲೇ ಇತ್ತು. ಹನ್ನೊಂದು ವರ್ಷ ಚೀಲಗಳು ಇಳಿದಿಳಿದು ಅದರ ಅಂಚು ನುಣ್ಣಗಾಗಿತ್ತು. ಅಗ್ಲಾಯ ಚೀಲವನ್ನು ಎತ್ತಿ ಅದರೊಳಗೆ ಬಿಟ್ಟಳು. ಒತ್ತಬೇಕಾಗಲಿಲ್ಲ. ತಳಕ್ಕೆ ಹೋಗಿ ಮೆಲ್ಲಗೆ ಟಪ್ ಎಂದು ಕೂತಿತು.

ಇಬ್ಬರೂ ಅದನ್ನೇ ನೋಡುತ್ತಾ ನಿಂತರು. ತಿರುವಿನಲ್ಲಿ ವ್ಯಾನಿನ ಹಾರನ್ ಕೇಳಿಸಿತು. ಸಫ್ತಾ ಬಾಗಿ, ಚೀಲಕ್ಕೂ ಚೌಕಟ್ಟಿಗೂ ನಡುವೆ ಉಳಿದಿದ್ದ ಸಂದಿಯಲ್ಲಿ ತನ್ನ ಪುಟ್ಟ ಕೈಯನ್ನು ಮಣಿಕಟ್ಟಿನ ತನಕ ಇಳಿಸಿ, ಮಗನ ಬೂಟಿದ್ದ ಚೀಲದ ಬದಿಗೆ ಅಂಗೈ ಒತ್ತಿ, ಹಾಗೇ ಇಟ್ಟುಕೊಂಡಳು.